ಮೊದಲು ಅಳತೆ, ಆಮೇಲೆ ವ್ಯಾಖ್ಯೆ: ಆರರಿಂದ ಎಂಟನೇ ತರಗತಿಯ ವಿಜ್ಞಾನ, ನನ್ನ ಅನುಭವ

ಆರು, ಏಳು, ಎಂಟನೇ ತರಗತಿಯ ಮಕ್ಕಳು ವಿಜ್ಞಾನದಲ್ಲಿ ಮೊದಲು ಕಲಿಯಬೇಕಾದದ್ದು ಅಳೆಯುವುದನ್ನು. ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು. ಅಳೆಯುವ ಮುಂಚೆಯೇ ಊಹೆ ಬರೆದಿಡಬೇಕು. ಊಹೆಗೂ ಅಳತೆಗೂ ತಾಳೆಯಾಗದಿದ್ದರೆ ಎರಡನ್ನೂ ಹಾಗೇ ಪುಸ್ತಕದಲ್ಲಿ ಉಳಿಸಬೇಕು. ಇಷ್ಟು ಬಂದ ಮೇಲೆ ವ್ಯಾಖ್ಯೆಗಳು ತಾವಾಗಿ ಬರುತ್ತವೆ. ಹೀಗೆಂದರೆ ಜೊತೆಯ ಶಿಕ್ಷಕರು ಎರಡೇ ಮಾತು ಹೇಳುತ್ತಿದ್ದರು: ಪೋರ್ಷನ್ ಮುಗಿಯುವುದಿಲ್ಲ, ಅಂಕ ಬೀಳುತ್ತದೆ. ಎರಡೂ ಆಗಲಿಲ್ಲ. ಮೊದಲ ಎರಡು ವರ್ಷ ಕೈಕೊಟ್ಟ ವಿಧಾನ ಮೂರನೇ ವರ್ಷ ಹಿಡಿತಕ್ಕೆ ಬಂತು. ಕೆಟ್ಟದ್ದು ಎಲ್ಲೆಲ್ಲಿ, ದುಡ್ಡು ಹೋದದ್ದು ಯಾವುದಕ್ಕೆ ಎಂಬುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಿಂದೆ ವರ್ಷಕ್ಕೆ ಮೂವತ್ತರ ಆಸುಪಾಸು ಪ್ರಾತ್ಯಕ್ಷಿಕೆ ನಡೆಯುತ್ತಿದ್ದವು. ಒಂದೊಂದು ಹದಿನೈದು ನಿಮಿಷ. ಮೇಜಿನ ಮೇಲೆ ನಾನು ಮಾಡುವುದು, ಮಕ್ಕಳು ನೋಡುವುದು, ಕೊನೆಗೆ ‘ಇದರಿಂದ ತಿಳಿದುಬರುವುದೇನೆಂದರೆ’ ಎಂದು ಬರೆಸುವುದು. ಈಗ ವರ್ಷಕ್ಕೆ ಐದೇ ಪ್ರಯೋಗ. ಒಂದೊಂದಕ್ಕೆ ನಾಲ್ಕರಿಂದ ಆರು ಪಿರಿಯಡ್.

ಮೊದಲನೆಯದು ಲೋಲಕ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಭಾರ. ದಾರ, ನಟ್ಟು, ಸ್ಟಾಪ್‌ವಾಚ್, ಸ್ಕೇಲು ಇದ್ದರೆ ಸಾಕು, ಆದರೆ ವರ್ಷದ ಬುನಾದಿಯೆಲ್ಲ ಇದರಲ್ಲೇ ಬೀಳುತ್ತದೆ. ದಾರ ಹತ್ತಿಯದಾಗಿರಲಿ, ನೈಲಾನ್ ದಾರ ಭಾರಕ್ಕೆ ಹಿಗ್ಗುತ್ತದೆ. ಸರಳಿಗೆ ದಾರ ಸುತ್ತಿ ಕಟ್ಟಬೇಡಿ, ಓಲಾಡುವಾಗ ಸರಳಿಗೆ ಸುತ್ತಿಕೊಂಡು ಬಿಚ್ಚಿಕೊಂಡು ಉದ್ದ ಬದಲಾಗುತ್ತಲೇ ಇರುತ್ತದೆ. ಎರಡು ಮರದ ಪಟ್ಟಿಗಳ ನಡುವೆ ದಾರ ಸಿಕ್ಕಿಸಿ, ಪಟ್ಟಿಗಳನ್ನು ಬಿಗಿದು, ಮೇಜಿನ ಅಂಚಿನಿಂದ ಹೊರಚಾಚಿಸಿ. ಪಟ್ಟಿಯ ಕೆಳ ಅಂಚೇ ತೂಗುವ ಬಿಂದು. ಉದ್ದವನ್ನು ಅಲ್ಲಿಂದ ನಟ್ಟಿನ ನಡುಮಧ್ಯಕ್ಕೆ ಅಳೆಯಬೇಕು, ಗಂಟಿನವರೆಗಲ್ಲ. ಪಕ್ಕಕ್ಕೆ ಎಳೆಯುವುದು ಉದ್ದದ ಐದನೇ ಒಂದು ಭಾಗ ಮೀರದಿರಲಿ.

ಮೊದಲ ವರ್ಷ ಮಕ್ಕಳಿಗೆ ಒಂದು ಓಲಾಟದ (ಒಮ್ಮೆ ಹೋಗಿ ಮರಳಿ ಬರುವುದರ) ಕಾಲ ಅಳೆಯಲು ಹೇಳಿದ್ದು ದೊಡ್ಡ ತಪ್ಪು. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಹತ್ತಿರ ಹತ್ತಿರ 0.2 ಸೆಕೆಂಡು. ಒಂದು ಸೆಕೆಂಡಿನ ಅಳತೆಯಲ್ಲಿ ಅದು ಐದನೇ ಒಂದು ಪಾಲು. ಹತ್ತು ಓಲಾಟ ಅಳೆದರೆ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೆ ಲೋಲಕಕ್ಕೆ ಮುಂಚೆ ಅರ್ಧ ಪಿರಿಯಡ್ ಸ್ಕೇಲು ಬೀಳಿಸುವ ಆಟ ಆಡಿಸುತ್ತೇನೆ: ಒಬ್ಬರು 30 ಸೆಂ.ಮೀ. ಸ್ಕೇಲನ್ನು ನೇರವಾಗಿ ಹಿಡಿದು ಬಿಡುವುದು, ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳು ತೆರೆದಿಟ್ಟುಕೊಂಡು ಹಿಡಿಯುವುದು. 10 ಸೆಂ.ಮೀ. ಬಿದ್ದರೆ 0.14 ಸೆಕೆಂಡು, 15 ಬಿದ್ದರೆ 0.17ರಿಂದ 0.18, 20 ಬಿದ್ದರೆ 0.20, 30 ಬಿದ್ದರೆ 0.25. ಈ ಪಟ್ಟಿಯನ್ನು ಗೋಡೆಗೆ ಅಂಟಿಸಿದರಾಯಿತು. ಸೂತ್ರ ಒಂಬತ್ತನೇ ತರಗತಿಗೆ ಇರಲಿ. ತನ್ನ ಬೆರಳಿನ ತಡ ತಾನೇ ಕಂಡ ಮಗು ಮತ್ತೆ ಯಾವತ್ತೂ ಒಂದೇ ಓಲಾಟ ಅಳೆಯುವುದಿಲ್ಲ.

ಎರಡನೇ ತಪ್ಪು ಎಣಿಕೆಯದು. ಗುಂಡು ಬಿಟ್ಟ ಕ್ಷಣವನ್ನೇ ‘ಒಂದು’ ಎಂದು ಎಣಿಸಿದರೆ ‘ಹತ್ತು’ ಎನ್ನುವಾಗ ಆಗಿರುವುದು ಒಂಬತ್ತೇ ಓಲಾಟ. 25 ಸೆಂ.ಮೀ. ಲೋಲಕಕ್ಕೆ ಹತ್ತು ಓಲಾಟಕ್ಕೆ 10 ಸೆಕೆಂಡು ಬರಬೇಕು. ಅರ್ಧ ತರಗತಿಗೆ 9 ಬಂದರೆ ಕಾರಣ ಇದೇ. ‘ಮೂರು, ಎರಡು, ಒಂದು, ಸೊನ್ನೆ’ ಎಂದು ಇಳಿಯೆಣಿಸಿ, ಸೊನ್ನೆಗೆ ಗಡಿಯಾರ ಒತ್ತಿಸಿ. ತೊಂದರೆ ನಿಲ್ಲುತ್ತದೆ.

ಮೂರನೆಯದು ನನಗೆ ತುಂಬ ಇಷ್ಟದ ತಪ್ಪು. ಅದನ್ನು ನಾನು ತಡೆಯುವುದೇ ಇಲ್ಲ. ‘ಭಾರ ಹೆಚ್ಚಾದರೆ ಏನಾಗುತ್ತದೆ?’ ಎಂದು ಕೇಳಿ ಐದು ನಟ್ಟು ಕೊಟ್ಟರೆ ಬಹುತೇಕ ಗುಂಪುಗಳು ಒಂದರ ಕೆಳಗೊಂದು ಸರದಂತೆ ಕಟ್ಟುತ್ತವೆ. ಅಳೆದರೆ 10 ಸೆಕೆಂಡು ಇದ್ದದ್ದು 10.6 ಆಗಿರುತ್ತದೆ. ‘ಭಾರವಾದರೆ ನಿಧಾನ’ ಎಂದು ಮಕ್ಕಳು ಖುಷಿಯಿಂದ ಬರೆಯುತ್ತಾರೆ, ಏಕೆಂದರೆ ಅವರ ಊಹೆಯೂ ಅದೇ. ಒಂದೆರಡು ಗುಂಪು ಮಾತ್ರ ಐದನ್ನೂ ಒಂದೇ ಕೊಕ್ಕೆಗೆ ಗೊಂಚಲಾಗಿ ಹಾಕಿರುತ್ತವೆ; ಅವರಿಗೆ 10ರ ಹತ್ತಿರವೇ ಬಂದಿರುತ್ತದೆ. ಎರಡೂ ಅಂಕಿ ಬೋರ್ಡಿನ ಮೇಲೆ ಬರೆದು ನಾನು ಸುಮ್ಮನೆ ನಿಲ್ಲುತ್ತೇನೆ. ಜಗಳ ಶುರುವಾಗುತ್ತದೆ. ಹತ್ತು ಹನ್ನೆರಡು ನಿಮಿಷದಲ್ಲಿ ಯಾರಾದರೊಬ್ಬರು ಸ್ಕೇಲು ಹಿಡಿದು ಹೋಗಿ ಸರದ ನಡುವಿನವರೆಗೆ ಅಳೆದು ‘ಇದು 28 ಸೆಂ.ಮೀ. ಆಗಿದೆ’ ಎನ್ನುತ್ತಾರೆ. ಭಾರ ಬದಲಿಸುತ್ತೇವೆ ಅಂದುಕೊಂಡು ಉದ್ದವನ್ನೂ ಬದಲಿಸಿದ್ದೆವು ಎಂಬ ಅರಿವು ಅಲ್ಲಿ ಬರುತ್ತದೆ. ‘ಚರ’, ‘ನಿಯಂತ್ರಿತ ಚರ’ ಎಂಬ ವ್ಯಾಖ್ಯೆಯನ್ನು ಎಷ್ಟು ಸಲ ಬರೆಸಿದರೂ ಇದು ಬರುವುದಿಲ್ಲ. ಆ ಹನ್ನೆರಡು ನಿಮಿಷ ಬಾಯಿ ಬಿಡದೆ ನಿಲ್ಲುವುದೇ ಶಿಕ್ಷಕರಿಗೆ ಕಷ್ಟದ ಕೆಲಸ. ಮೊದಲ ವರ್ಷ ನಾನು ಮೂರನೇ ನಿಮಿಷಕ್ಕೆ ಉತ್ತರ ಹೇಳಿ ಎಲ್ಲ ಕೆಡಿಸಿದ್ದೆ.

ಉದ್ದದ ಗ್ರಾಫಿಗೆ ಬರೋಣ. 20, 40, 60, 80 ಎಂದು ಉದ್ದ ಕೊಟ್ಟರೆ ಗೆರೆ ಬಾಗುತ್ತದೆ, ಮಕ್ಕಳು ಸ್ಕೇಲಿಟ್ಟು ನೇರ ಎಳೆದುಬಿಡುತ್ತಾರೆ. ಈಗ ನಾನು ಕೊಡುವ ಉದ್ದ 25, 36, 49, 64. ಹತ್ತು ಓಲಾಟಕ್ಕೆ 10, 12, 14, 16 ಸೆಕೆಂಡು ಬರುತ್ತದೆ. ಅಂಕಿಗಳ ನಂಟು ಕಾಣಲು ಏಳನೇ ತರಗತಿಯ ಮಕ್ಕಳಿಗೆ ಹೆಚ್ಚು ಹೊತ್ತು ಬೇಡ. ‘ಹಾಗಾದರೆ 81ಕ್ಕೆ ಎಷ್ಟು? 100ಕ್ಕೆ?’ ಎಂದರೆ 18, 20 ಎಂದು ಬರೆದಿಟ್ಟು ಅಳೆಯುತ್ತಾರೆ, ಸೆಕೆಂಡಿನ ಒಂದೆರಡು ಹತ್ತನೇ ಭಾಗದೊಳಗೆ ಸಿಗುತ್ತದೆ. ಇನ್ನೂ ಅಳೆಯದ ಅಂಕಿಯನ್ನು ಮುಂಚೆಯೇ ಹೇಳಿ ಅದು ನಿಜವಾಗುವುದನ್ನು ಕಂಡ ತರಗತಿಯ ಸದ್ದೇ ಬೇರೆ.

ಇಲ್ಲಿಂದ ಒಂದು ಉಪಪ್ರಯೋಗ ಹುಟ್ಟಿತು. ಲೋಲಕದ ಕಾಲ ಓಲಾಟದ ಅಗಲದ ಮೇಲೆ ನಿಂತಿಲ್ಲ ಎಂದು ಗಿಳಿಪಾಠ ಒಪ್ಪಿಸುತ್ತೇವಲ್ಲ, ಅದು ಸಣ್ಣ ಓಲಾಟಕ್ಕೆ ಮಾತ್ರ. 1 ಮೀಟರ್ ಲೋಲಕವನ್ನು 60 ಡಿಗ್ರಿ ಎಳೆದು ಬಿಟ್ಟರೆ ಮೊದಲ ಓಲಾಟಗಳಿಗೆ ಶೇ. 7ರಷ್ಟು ಹೆಚ್ಚು ಹಿಡಿಯುತ್ತದೆ, ಹತ್ತು ಓಲಾಟಕ್ಕೆ 20 ಸೆಕೆಂಡಿನ ಬದಲು 21ರ ಹತ್ತಿರ ಬರುತ್ತದೆ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಡಚ್ ವಿಜ್ಞಾನಿ ಹ್ಯೂಜೆನ್ಸ್‌ಗೂ ಇದೇ ತೊಡಕು ಇತ್ತು. ಪಠ್ಯದ ವಾಕ್ಯಕ್ಕೆ ಒಂದು ಗಡಿ ಇದೆ ಎಂದು ಮಕ್ಕಳು ಅಳತೆಯಿಂದ ಕಂಡುಕೊಂಡರೆ ಪಠ್ಯದ ಮೇಲೆ ಅಗೌರವವೇನೂ ಬರುವುದಿಲ್ಲ. ಓದುವಾಗ ಎಚ್ಚರ ಬರುತ್ತದೆ.

ಇನ್ನು ದುಡ್ಡಿನ ಮಾತು. ಮೊದಲ ವರ್ಷ ಕೈಗೆ ಸಿಕ್ಕ ಹಣದಲ್ಲಿ ಸರಿಸುಮಾರು ಅರ್ಧ ಒಂದೇ ಡಿಜಿಟಲ್ ತಕ್ಕಡಿಗೆ ಹೋಯಿತು. 0.1 ಗ್ರಾಂ ತೋರಿಸುವಂಥದ್ದು. ನಲವತ್ತು ಮಕ್ಕಳಿಗೆ ಒಂದು ತಕ್ಕಡಿ ಎಂದರೆ ಸಾಲು ನಿಲ್ಲುವುದೇ ಪಾಠ. ಎರಡನೇ ತಿಂಗಳಿಗೆ ಯಾರೋ ಬೆರಳಿನಿಂದ ಬಲವಾಗಿ ಒತ್ತಿದರು, ಸೊನ್ನೆಗೆ ಬರುವುದನ್ನೇ ಬಿಟ್ಟಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಈಗ ತೂಕಕ್ಕೆ ನೀರು ಬಳಸುತ್ತೇವೆ: 1 ಮಿ.ಲೀ. ನೀರು 1 ಗ್ರಾಂ. ಸೂಜಿಯಿಲ್ಲದ 10 ಮಿ.ಲೀ. ಸಿರಿಂಜು ಗುಂಪಿಗೊಂದು, ಸಣ್ಣ ಪ್ಲಾಸ್ಟಿಕ್ ಬಾಟಲಿ ಗುಂಪಿಗೊಂದು. 50 ಗ್ರಾಂ ಬೇಕೆಂದರೆ ಐದು ಸಿರಿಂಜು ನೀರು. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಅಳತೆ ಕಡಿಮೆಯಾಗುತ್ತದೆ. ಮೂತಿ ಮೇಲೆ ಮಾಡಿ ತಟ್ಟಿ ಗುಳ್ಳೆ ಹೊರಹಾಕಬೇಕು. ಖಾಲಿ ಬಾಟಲಿಯ ತೂಕವನ್ನು ಲೆಕ್ಕಕ್ಕೆ ಸೇರಿಸುವುದನ್ನು ಮಕ್ಕಳು ಮರೆಯುತ್ತಾರೆ, ಮರೆಯಲಿ. ಗ್ರಾಫ್ ಸೊನ್ನೆಯಿಂದ ಶುರುವಾಗದೆ ಇದ್ದಾಗ ಅವರೇ ಹುಡುಕುತ್ತಾರೆ.

ಈ ಬಾಟಲಿಯನ್ನು ರಬ್ಬರ್‌ಬ್ಯಾಂಡಿಗೆ ನೇತುಹಾಕಿ ತಕ್ಕಡಿ ಮಾಡುವ ಯೋಚನೆ ಪೂರಾ ಕೆಟ್ಟಿತು. ಭಾರ ಏರಿಸುವಾಗ ಒಂದು ಉದ್ದ, ಇಳಿಸುವಾಗ ಅದೇ ಭಾರಕ್ಕೆ ಇನ್ನೊಂದು ಉದ್ದ. ನೇತುಹಾಕಿ ಬಿಟ್ಟರೆ ನಿಮಿಷ ನಿಮಿಷಕ್ಕೂ ತುಸು ಹಿಗ್ಗುತ್ತಲೇ ಹೋಗುತ್ತದೆ. ತಕ್ಕಡಿಗೆ ಸುರುಳಿ ಸ್ಪ್ರಿಂಗೇ ಸರಿ. ಆದರೆ ಕೆಟ್ಟ ರಬ್ಬರ್‌ಬ್ಯಾಂಡನ್ನು ಬಿಸಾಡಲಿಲ್ಲ. ‘ಹತ್ತು ನಿಮಿಷದಲ್ಲಿ ಎಷ್ಟು ಹಿಗ್ಗಿತು’ ಎಂಬ ಗ್ರಾಫ್ ಎಂಟನೇ ತರಗತಿಯ ಒಳ್ಳೆಯ ಎರಡು ಪಿರಿಯಡ್ ಕೆಲಸವಾಯಿತು.

ಥರ್ಮಾಮೀಟರಿನಲ್ಲೂ ಪೆಟ್ಟು ತಿಂದೆ. ಅಗ್ಗಕ್ಕೆ ಇಪ್ಪತ್ತೋ ಇಪ್ಪತ್ತನಾಲ್ಕೋ ತರಿಸಿದ್ದೆ, ಏಳು 1 ಡಿಗ್ರಿಗಿಂತ ಹೆಚ್ಚು ತಪ್ಪು ತೋರಿಸಿದವು. ಪರೀಕ್ಷೆ ಸುಲಭ: ಮಂಜುಗಡ್ಡೆ ಪುಡಿಮಾಡಿ, ಸ್ವಲ್ಪವೇ ನೀರು ಸೇರಿಸಿ, ಕಲಕಿ, ಮೂರು ನಿಮಿಷ ಬಿಟ್ಟು ಓದಬೇಕು. ಫ್ರೀಜರಿನಿಂದ ಆಗತಾನೆ ತೆಗೆದ ಒಣ ತುಂಡುಗಳಲ್ಲಿ ಇಟ್ಟರೆ ಸೊನ್ನೆ ಸಿಗುವುದಿಲ್ಲ, ಅದು ಸೊನ್ನೆಗಿಂತ ತಣ್ಣಗಿರುತ್ತದೆ. ತಪ್ಪು ತೋರಿಸುವವಕ್ಕೆ ‘1.5 ಕಳೆಯಿರಿ’ ಎಂದು ಚೀಟಿ ಅಂಟಿಸಿ ಇಟ್ಟುಕೊಂಡಿದ್ದೇವೆ. ಉಪಕರಣವೂ ಸುಳ್ಳು ಹೇಳಬಹುದು, ಆ ಸುಳ್ಳನ್ನೂ ಅಳೆಯಬಹುದು ಎಂದು ಮಕ್ಕಳು ಕಲಿತದ್ದು ಆ ಚೀಟಿಗಳಿಂದ. ಮಂಜುಗಡ್ಡೆ ಕರಗುವಾಗ ತಾಪ ಏರದೆ ನಿಲ್ಲುವ ಸಮತಟ್ಟು ಗೆರೆ ಬರಲಿಲ್ಲವೆಂದರೆ ಕಾರಣ ಮೂರು: ಕಲಕಿಲ್ಲ, ಬುಡ್ಡೆ ಪಾತ್ರೆಯ ತಳ ಮುಟ್ಟಿದೆ, ಅಥವಾ ಉರಿ ಜೋರಾಗಿದೆ.

ಮೇಣದಬತ್ತಿಯ ಪ್ರಯೋಗದ ಬಗ್ಗೆ ಸ್ವಲ್ಪ ಕೋಪದಿಂದಲೇ ಬರೆಯಬೇಕು. ತಟ್ಟೆಯಲ್ಲಿ ನೀರು, ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಮುಚ್ಚುವುದು. ನೀರು ಐದನೇ ಒಂದು ಭಾಗ ಏರಿತು, ಆಮ್ಲಜನಕ ಖರ್ಚಾಯಿತು ಎಂದು ಬರೆಸುವುದು. ಹಳೆಯ ರೆಕಾರ್ಡು ಪುಸ್ತಕಗಳಲ್ಲಿ ಎಲ್ಲರಿಗೂ ಸರಿಯಾಗಿ ಐದನೇ ಒಂದು ಭಾಗವೇ ಬಂದಿದೆ. ಒಬ್ಬರೂ ಅಳೆದಿರಲಿಲ್ಲ. ಈಗ ಅಳೆಸುತ್ತೇವೆ: ಅದೇ ಲೋಟ, ಒಮ್ಮೆ ಒಂದು ಬತ್ತಿ, ಒಮ್ಮೆ ಮೂರು. ಮೂರು ಬತ್ತಿಗೆ ನೀರು ಹೆಚ್ಚು ಏರುತ್ತದೆ. ಲೋಟದೊಳಗಿನ ಆಮ್ಲಜನಕ ಮಾತ್ರ ಮೂರು ಪಟ್ಟು ಆಗಿಲ್ಲ. ಕಣ್ಣಿಟ್ಟು ನೋಡಿದರೆ ಲೋಟ ಮುಚ್ಚುವಾಗ ಅಂಚಿನಿಂದ ಗುಳ್ಳೆ ಹೊರಬರುತ್ತವೆ, ನೀರು ಸರ್ರನೆ ಏರುವುದು ಬತ್ತಿ ಆರಿದ ಮೇಲೆ. ಬಿಸಿಯಾಗಿ ಹಿಗ್ಗಿದ ಗಾಳಿಯ ಒಂದು ಪಾಲು ಹೊರಹೋಗಿದೆ, ಉಳಿದದ್ದು ತಣಿದು ಕುಗ್ಗಿದೆ. ಇದೇ ಮುಖ್ಯ ಕಾರಣ. ಬತ್ತಿ ಆರಿದಾಗ ಒಳಗೆ ಆಮ್ಲಜನಕ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಕೂದಲು ಹಿಂದೆ ಕಟ್ಟಿಸಿ, ಹತ್ತಿರ ಒಂದು ಬಕೆಟ್ ನೀರಿಡಿ.

ವಿದ್ಯುತ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಮಾಡಿಸುತ್ತೀರಿ. ಒಂದು ಸೆಲ್, ಒಂದು ಟಾರ್ಚ್ ಬಲ್ಬು, ಒಂದೇ ತಂತಿ ಕೊಟ್ಟು ಹೊತ್ತಿಸಿ ಎಂದು ಹೇಳಿ. ಬಲ್ಬ್ ಹೋಲ್ಡರು ಕೊಡಬೇಡಿ. ಬಲ್ಬಿಗೆ ತುದಿ ಒಂದು, ಪಕ್ಕದ ಲೋಹ ಇನ್ನೊಂದು, ಹೀಗೆ ಎರಡು ಸಂಪರ್ಕ ಇವೆ ಎಂಬುದನ್ನು ಹೋಲ್ಡರು ಮುಚ್ಚಿಡುತ್ತದೆ. ತಂತಿ ಬಿಸಿಯಾದರೆ ತಕ್ಷಣ ಬಿಡಲು ಮೊದಲೇ ಹೇಳಿರಬೇಕು. ಎಲ್‌ಇಡಿ ಆದರೆ ಒಂದು ಸೆಲ್ಲಿಗೆ ಹೊತ್ತುವುದಿಲ್ಲ, ಎರಡು ಬೇಕು, ಕಾಲುಗಳ ದಿಕ್ಕೂ ಸರಿಯಿರಬೇಕು. ಬಟನ್ ಸೆಲ್ ತರಗತಿಯೊಳಕ್ಕೆ ಬರಲೇಬಾರದು.

ಇಡೀ ವಿಧಾನ ನಿಂತಿರುವುದು ಪುಸ್ತಕದ ಮೇಲೆ. ಎಡಪುಟದಲ್ಲಿ ಊಹೆ ಮತ್ತು ಕಾರಣ, ಬಲಪುಟದಲ್ಲಿ ಅಳತೆ. ಪೆನ್ನಿನಲ್ಲೇ ಬರೆಯಬೇಕು, ರಬ್ಬರು ಮೇಜಿನ ಮೇಲಿರಬಾರದು. ಪ್ರತಿ ಅಳತೆ ಮೂರು ಸಲ. ಒಂದು ಓದು ದೂರ ಹೋದರೆ ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಕಾರಣ. ಎರಡನೇ ವರ್ಷ ಕೈಕೊಟ್ಟದ್ದು ಇಲ್ಲಿಯೇ: ಸರಿಯಾದ ಉತ್ತರದ ಹತ್ತಿರ ಬಂದವರಿಗೆ ಹೆಚ್ಚು ಅಂಕ ಕೊಡುತ್ತಿದ್ದೆ. ಎರಡು ವಾರದಲ್ಲಿ ಪುಸ್ತಕಗಳ ತುಂಬ 10.00, 10.00, 10.00. ನಿಜವಾಗಿ ಅಳೆದರೆ 10.12, 9.94, 10.21 ಹೀಗೆ ಚದುರಬೇಕು. ಅಂಕಿ ಕದಿಯಲು ಕಲಿಸಿದ್ದು ನನ್ನ ಅಂಕಪಟ್ಟಿಯೇ. ಈಗ ಹತ್ತರಲ್ಲಿ ಎರಡು ಅಂಕ ಊಹೆಯ ಕಾರಣಕ್ಕೆ, ಮೂರು ಅಂಕ ಓದುಗಳ ಚದುರುವಿಕೆ ತೋರಿಸಿದ್ದಕ್ಕೆ, ಐದು ‘ಮತ್ತೊಮ್ಮೆ ಮಾಡಿದರೆ ಏನು ಬದಲಿಸುತ್ತೀರಿ’ ಎಂಬುದಕ್ಕೆ. ಉತ್ತರ ಸರಿಯಿದ್ದುದಕ್ಕೆ ಸೊನ್ನೆ. ಕಳ್ಳ ಅಂಕಿ ಬಹುತೇಕ ನಿಂತಿತು. ಉಳಿದವರನ್ನು ಪತ್ತೆಹಚ್ಚಲು ನನ್ನ ಬಳಿ ಇನ್ನೊಂದು ಉಪಾಯವಿದೆ. ಮಕ್ಕಳ ಕಣ್ಣಿಗೂ ಇದು ಬೀಳಬಹುದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಪೋರ್ಷನ್ ಲೆಕ್ಕ ಹೀಗೆ: ಐದು ಪ್ರಯೋಗಕ್ಕೆ ಇಪ್ಪತ್ತೈದು ಪಿರಿಯಡ್ ಹೋಗುತ್ತದೆ. ವರ್ಗೀಕರಣದ ಪಟ್ಟಿಗಳು, ಉಪಕರಣದ ಭಾಗಗಳ ಹೆಸರು, ಉಪಯೋಗಗಳ ಸಾಲು, ಇವನ್ನೆಲ್ಲ ಮನೆ ಓದಿಗೆ ಕೊಟ್ಟು ಹನ್ನೆರಡು ಪಿರಿಯಡ್ ಉಳಿಸಿದೆ. ಚಲನೆ, ಬಲ, ಉಷ್ಣ ಅಧ್ಯಾಯಗಳು ಅರ್ಧ ಸಮಯದಲ್ಲಿ ಮುಗಿದವು. ಗ್ರಾಫ್ ಓದಲು ಬರುವ ಮಕ್ಕಳಿಗೆ ವೇಗದ ಪಾಠ ಎರಡೇ ಪಿರಿಯಡ್. ಗ್ರಾಫ್ ಕೊಟ್ಟು ಕೇಳುವ ಪ್ರಶ್ನೆಗೆ ಮುಂಚೆ ನಲವತ್ತರಲ್ಲಿ ಹತ್ತು ಹನ್ನೆರಡು ಮಕ್ಕಳು ಕೈಹಾಕುತ್ತಿದ್ದರು, ಈಗ ನೆನಪಿನ ಪ್ರಕಾರ ಮೂವತ್ತರ ಹತ್ತಿರ. ಅನುಮಾನ ಪಟ್ಟಿದ್ದವರಲ್ಲಿ ಇಬ್ಬರು ಈಗ ತಮ್ಮ ತರಗತಿಗೂ ಸಿರಿಂಜು ಒಯ್ದಿದ್ದಾರೆ.

ಎಂಟನೇ ತರಗತಿಯ ಕೊನೆಯ ಪ್ರಯೋಗ ಮುಚ್ಚಿದ ಪೆಟ್ಟಿಗೆ. ಅಂಗೈಯಗಲದ ರಟ್ಟಿನ ಡಬ್ಬಿ, ಒಳಗೊಂದು ವಸ್ತು, ಸುತ್ತಲೂ ಟೇಪು, ಮೇಲೆ ನಂಬರು. ಅಲುಗಿಸಬಹುದು, ಓರೆ ಮಾಡಬಹುದು, ಸ್ಪ್ರಿಂಗಿಗೆ ನೇತುಹಾಕಿ ತೂಗಬಹುದು, ಅಯಸ್ಕಾಂತ ಹಿಡಿಯಬಹುದು. ಉರುಳುತ್ತದೋ ಜಾರುತ್ತದೋ, ಎಷ್ಟು ಓರೆಗೆ ಜಾರುತ್ತದೆ, ಎಷ್ಟು ಗ್ರಾಂ, ಎಲ್ಲ ಬರೆದು ಒಳಗಿನದರ ಚಿತ್ರ ಬಿಡಿಸಬೇಕು. ಟೇಪು ಎರಡು ಪದರ ಹಾಕಿ, ಇಲ್ಲವಾದರೆ ಬಿಡುವಿನಲ್ಲಿ ಮೂಲೆ ಬಿಚ್ಚಿಕೊಳ್ಳುತ್ತದೆ. ಒಳಗೆ ಏನೇನು ಹಾಕುತ್ತೇನೆ ಎಂದು ನಾನು ಯಾರಿಗೂ ಹೇಳಿಲ್ಲ. ಡಬ್ಬಿಯನ್ನು ಕೊನೆಗೂ ತೆರೆಯುವುದಿಲ್ಲ. ಹೋದ ವರ್ಷ 6ನೇ ನಂಬರಿನ ಡಬ್ಬಿಯ ಬಗ್ಗೆ ಎರಡು ಗುಂಪು ಒಪ್ಪಲೇ ಇಲ್ಲ. ಒಂದು ಗುಂಪು ಅದೇ ತೂಕದ ಖಾಲಿ ಡಬ್ಬಿ ಮಾಡಿ, ತಾವು ಊಹಿಸಿದ ವಸ್ತುವನ್ನೇ ಒಳಗಿಟ್ಟು, ಎರಡನ್ನೂ ಕಿವಿಗೆ ಹಿಡಿದು ಅಲುಗಿಸಿ ಸದ್ದು ಹೋಲಿಸಿತು. ಆ ಉಪಾಯ ನನಗೇ ಹೊಳೆದಿರಲಿಲ್ಲ. ಈ ವರ್ಷದಿಂದ ಪ್ರತಿ ಗುಂಪಿಗೂ ಎರಡನೇ ಡಬ್ಬಿಯನ್ನು ಖಾಲಿಯಾಗಿಯೇ ಕೊಡುತ್ತಿದ್ದೇನೆ.