ಬಿಸಿಲ ನಾಡಿನಲ್ಲಿ ಹುಳಿ ಕಾಯ್ದ ಕಥೆ

ನಮ್ಮದು ವಿಜಯಪುರದ ಕಡೆ. ಮನೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯ ಪಡ, ಅಂದರೆ ತೋಟ ಇದೆ. ಹಂದರದ ಕೆಳಗೆ ನಿಂತು, ತಲೆ ಮೇಲೆ ತೂಗುವ ಗೊನೆ ಕತ್ತರಿಸುತ್ತಲೇ ಬೆಳೆದವನು ನಾನು. ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಒಂದು ವೈನರಿಗೆ ಸುಗ್ಗಿ ಕೆಲಸಕ್ಕೆ ಹೋದಾಗ ಮೊದಲ ದಿನವೇ ಮೊಣಕಾಲೂರಬೇಕಾಯಿತು. ಅಲ್ಲಿ ಬಳ್ಳಿಯನ್ನು ನೆಲದ ಮೇಲೇ ಬುಟ್ಟಿಯಂತೆ ಸುತ್ತಿ ಹೆಣೆಯುತ್ತಾರೆ. ಕುಲೂರಾ ಅಂತಾರೆ. ಎಲೆ ಸರಿಸಿ ಒಳಗೆ ಕೈ ಹಾಕಿದರೆ ಗೊನೆ ತಣ್ಣಗೆ ಸಿಗುತ್ತದೆ. ಬಿರುಗಾಳಿಗೂ ಬಿಸಿಲಿಗೂ ಆ ಬುಟ್ಟಿಯೇ ಕಾವಲು. ನಾವು ಕೊಯ್ದ ತೋಟಕ್ಕೆ ಡ್ರಿಪ್ ಇರಲಿಲ್ಲ. ಸಮುದ್ರದ ಕಡೆಯಿಂದ ಬರುವ ಮಂಜಿನ ತೇವವನ್ನು ಬೂದಿಯಂಥ ಜ್ವಾಲಾಮುಖಿ ಮಣ್ಣು ಹೀರಿಕೊಳ್ಳುತ್ತದೆ. ಬೇಸಿಗೆಗೆ ಅಷ್ಟೇ ನೀರು.

ತಳಿಯ ಹೆಸರು ಅಸೀರ್ತಿಕೋ. ಬಿಸಿಲು ಜಾಸ್ತಿಯಾದಲ್ಲಿ ಸಿಹಿ ಏರಿದಂತೆ ಹುಳಿ ಇಳಿದುಬಿಡುತ್ತದೆ, ಅಲ್ವಾ? ಇದು ಹಾಗಲ್ಲ. ಆಗಸ್ಟ್‌ನಲ್ಲಿ ಸಿಹಿ ಅಳೆಯುವ ಬ್ರಿಕ್ಸ್ 23 ದಾಟಿದಾಗಲೂ ಪಿಎಚ್ 3ರ ಆಸುಪಾಸಿನಲ್ಲೇ ಇತ್ತು (ಪಿಎಚ್ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ). ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ಹಲ್ಲು ಚುಳ್ಳೆನ್ನುವ ಹುಳಿ.

ಎರಡನೇ ವರ್ಷ ನನ್ನ ಪಾಲಿಗೆ 500 ಲೀಟರಿನ ಒಂದು ಟ್ಯಾಂಕ್ ಬಿಟ್ಟುಕೊಟ್ಟರು. ಬೆಳಕು ಹರಿಯುವ ಮೊದಲೇ ಕೊಯ್ದೆವು. ಗೊನೆಗಳನ್ನು ಬಿಡಿಸದೆ, ತೊಟ್ಟು ಸಮೇತ ಪ್ರೆಸ್‌ಗೆ ಹಾಕಿದೆ. ಮೊದಲ ರಸ ತಿಳಿ ಹಸಿರು, ತುಂಬಾ ಚೆನ್ನಾಗಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಇನ್ನಷ್ಟು ಬರಲಿ ಅಂತ ಒತ್ತಡ ಏರಿಸಿದೆ. ಸಿಪ್ಪೆಯ ಒಗರು ರಸಕ್ಕಿಳಿಯಿತು. ಗಾಳಿ ತಾಗಿದರೆ ಈ ರಸ ಬೇಗ ಕಂದುತ್ತದೆ. ನೋಡನೋಡುತ್ತಲೇ ಕೊನೆಯ ಬಕೆಟ್ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು. ಅದನ್ನು ಟ್ಯಾಂಕಿಗೆ ಸೇರಿಸದೆ ಬೇರೆ ಕ್ಯಾನಿನಲ್ಲಿಟ್ಟೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಮಿಕ್ಕ ರಸವನ್ನು 10 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಗಸಿ ಇಳಿಸಿದೆ. ತಿಳಿಯನ್ನು ಬಸಿದು ಯೀಸ್ಟ್ ಹಾಕಿದೆ. ಹುದುಗುವಾಗ ಟ್ಯಾಂಕ್ ತಾನೇ ಬಿಸಿಯಾಗುತ್ತದೆ, ಬಿಸಿಯಾದರೆ ಪರಿಮಳ ಹಾರಿಹೋಗುತ್ತದೆ. ಅದಕ್ಕೇ 16 ಡಿಗ್ರಿ ದಾಟದಂತೆ ರಾತ್ರಿಯೂ ಎದ್ದು ನೋಡುತ್ತಿದ್ದೆ. ಸುಮಾರು 20 ದಿನಕ್ಕೆ ಗುಳ್ಳೆ ನಿಂತಿತು. ಸಕ್ಕರೆ ಲೀಟರಿಗೆ 2 ಗ್ರಾಮಿಗಿಂತ ಕೆಳಗಿಳಿದಿತ್ತು. ಡ್ರೈ, ಅಂದರೆ ಸಿಹಿ ಉಳಿಯದ ವೈನ್ ಅಂದರೆ ಇದೇ.

ಯೀಸ್ಟ್ ಗಸಿಯ ಮೇಲೇ ಫೆಬ್ರವರಿವರೆಗೆ ಬಿಟ್ಟೆ. ಟ್ಯಾಂಕಿನ ನಲ್ಲಿಯಿಂದ ಹಿಡಿದ ಮೊದಲ ಗ್ಲಾಸಿನಲ್ಲಿ ನಿಂಬೆ ಸಿಪ್ಪೆಯ ಘಮ. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಸಣ್ಣಗೆ ಉಪ್ಪು. ತೋಟದಲ್ಲಿ ಬಾಯಿಗಿಟ್ಟ ಹಣ್ಣಿನ ಹುಳಿ ಹಾಗೇ ಇತ್ತು. ಪಕ್ಕದ ಕ್ಯಾನಿನದನ್ನೂ ಸವಿದೆ, ಒಗರು ಹೋಗಿರಲಿಲ್ಲ.