ರದ್ದಾದ ಆನ್‌ಲೈನ್ ಪರೀಕ್ಷೆಗೆ ನಾನು ಮೇಲ್ಮನವಿ ಬರೆದ ಬಗೆ

ಪರೀಕ್ಷೆಯ ಶುಲ್ಕ ಹೋದದ್ದಕ್ಕಿಂತ ನನಗೆ ಹೆಚ್ಚು ಸಂಕಟವಾದದ್ದು ಮೇಲ್‌ನಲ್ಲಿದ್ದ ಒಂದು ಸಾಲಿನಿಂದ: 'ಅಭ್ಯರ್ಥಿ ಕ್ಯಾಮೆರಾದ ವ್ಯಾಪ್ತಿಯಿಂದ ಹೊರಗೆ ಹೋದ ಕಾರಣ ಪರೀಕ್ಷೆಯನ್ನು ರದ್ದುಪಡಿಸಲಾಗಿದೆ.' ನಾನು ಕುರ್ಚಿ ಬಿಟ್ಟು ಎದ್ದೇ ಇರಲಿಲ್ಲ. ಅರ್ಧ ಪರೀಕ್ಷೆ ಮುಗಿದಿದ್ದಾಗ ವೈಫೈ ಕಡಿದು ಪ್ರಶ್ನೆಯ ಪರದೆ ಹಾಗೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಸಂಪರ್ಕ ಮರಳಿತು. ಚಾಟ್‌ನಲ್ಲಿ ಬೇರೊಬ್ಬ ಪ್ರಾಕ್ಟರ್ (ಕ್ಯಾಮೆರಾ ಮೂಲಕ ಪರೀಕ್ಷೆಯ ಮೇಲ್ವಿಚಾರಣೆ ಮಾಡುವವರು) ಕಾಣಿಸಿಕೊಂಡು ಕೋಣೆಯನ್ನು ಮತ್ತೆ ತೋರಿಸಿ ಅಂದರು, ತೋರಿಸಿದೆ. ಇನ್ನೊಂದಷ್ಟು ಪ್ರಶ್ನೆಗಳಿಗೆ ಉತ್ತರಿಸುವಷ್ಟರಲ್ಲಿ ಪರದೆಯ ಮೇಲಿನ ಪರೀಕ್ಷೆಯ ಕಿಟಕಿ ತಾನಾಗಿ ಮುಚ್ಚಿಕೊಂಡಿತು.

ಆ ಸಾಲು ಹಾಗೇ ಉಳಿದರೆ ನಿಯಮ ಮುರಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇರುತ್ತದೆ. ಅದಕ್ಕೇ ಮೇಲ್ಮನವಿಗೆ ಕೂತೆ. ಕೊನೆಗೆ ತೀರ್ಪು ನನ್ನ ಕಡೆ ಬಂತು. ಇದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾಗಲಿ ಎಂದು ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ, ಯಾರಿಗೂ ಏನೂ ಬರೆಯುವ ಮುಂಚೆ, ನಡೆದದ್ದನ್ನು ಕ್ರಮವಾಗಿ ಕಾಗದಕ್ಕಿಳಿಸಿದ್ದು. ಚೆಕ್-ಇನ್ (ಪರೀಕ್ಷೆಗೆ ಮುಂಚಿನ ಪರಿಶೀಲನೆ) ಯಾವಾಗ ಮುಗಿಯಿತು, ಪರದೆ ನಿಂತಾಗ ಗಡಿಯಾರದಲ್ಲಿ ಎಷ್ಟು ಉಳಿದಿತ್ತು, ಪ್ರಾಕ್ಟರ್ ಚಾಟ್‌ನಲ್ಲಿ ಏನು ಬರೆದರು, ನಾನು ಏನು ಉತ್ತರಿಸಿದೆ. ಸಿಟ್ಟು ಏರಿದಷ್ಟೂ ಇಂಥ ವಿವರಗಳು ಕಲಸಿಹೋಗುತ್ತವೆ. ಪರೀಕ್ಷೆ ನಡೆಯುವಾಗ ಪರದೆಯ ಫೋಟೋ ತೆಗೆಯುವಂತಿಲ್ಲ, ಫೋನ್ ಕೈಗೆಟುಕುವಲ್ಲಿ ಇರುವಂತೆಯೂ ಇಲ್ಲ. ಹಾಗಾಗಿ ನಮ್ಮ ಕಡೆ ಉಳಿಯುವುದು ನೆನಪು ಮತ್ತು ಕಂಪ್ಯೂಟರ್ ತಾನಾಗಿ ಬರೆದುಕೊಂಡ ಲಾಗ್, ಎರಡೇ.

ಈ ಲಾಗ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಮೇಲ್ಮನವಿ ನಿಂತದ್ದೇ ಅದರ ಮೇಲೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್' (netsh wlan show wlanreport) ಎಂಬ ಆದೇಶ ಕೊಟ್ಟರೆ ವೈಫೈ ವರದಿಯೊಂದು ಸಿದ್ಧವಾಗುತ್ತದೆ. ಸಂಪರ್ಕ ಯಾವ ಕ್ಷಣಕ್ಕೆ ಕಡಿಯಿತು, ಯಾವ ಕಾರಣಕ್ಕೆ, ಮತ್ತೆ ಯಾವಾಗ ಕೂಡಿತು ಎಂಬುದೆಲ್ಲ ಅದರಲ್ಲಿರುತ್ತದೆ. ಆದೇಶವನ್ನು ಹೀಗೇ ಕೊಟ್ಟರೆ ಅದು ತೋರಿಸುವುದು ಹಿಂದಿನ 3 ದಿನಗಳದ್ದನ್ನು ಮಾತ್ರ. ಪರೀಕ್ಷೆ ನಡೆಸುವವರ ಉತ್ತರ ಬಂದ ಮೇಲೆ ನೋಡೋಣ ಎಂದು ಕಾದರೆ ಈ ವರದಿಯಲ್ಲಿ ನಮಗೆ ಬೇಕಾದ ದಿನವೇ ಇರುವುದಿಲ್ಲ. ಅದರ ಜೊತೆಗೆ ವಿಂಡೋಸ್ ತನ್ನ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆದು ನೆಟ್‌ವರ್ಕ್‌ಪ್ರೊಫೈಲ್ ವಿಭಾಗದಲ್ಲಿ 10001 ಮತ್ತು 10000 ಸಂಖ್ಯೆಯ ದಾಖಲೆಗಳನ್ನು ಹುಡುಕಿದೆ. ಮೊದಲನೆಯದು ಸಂಪರ್ಕ ತಪ್ಪಿದ್ದನ್ನು ಹೇಳುತ್ತದೆ, ಎರಡನೆಯದು ಕೂಡಿದ್ದನ್ನು. ಕರೆಂಟ್ ಹೋಗಿಯೋ ಬೇರೆ ಕಾರಣಕ್ಕೋ ಕಂಪ್ಯೂಟರ್ರೇ ದಿಢೀರನೆ ಆರಿಹೋಗಿದ್ದವರು ಕರ್ನಲ್-ಪವರ್ ಹೆಸರಿನ 41ನೇ ಸಂಖ್ಯೆಯ ದಾಖಲೆ ಹುಡುಕಬೇಕು. ರೂಟರ್‌ನೊಳಗಿನ ಲಾಗನ್ನೂ ಉಳಿಸಿಕೊಂಡೆ. ಮನೆಬಳಕೆಯ ಎಷ್ಟೋ ರೂಟರ್‌ಗಳು ಆಫ್ ಮಾಡಿ ಆನ್ ಮಾಡಿದ ತಕ್ಷಣ ಹಳೆಯ ಲಾಗನ್ನು ಮರೆತುಬಿಡುತ್ತವೆ. ನೆಟ್ ಕೈಕೊಟ್ಟಾಗ ಎಲ್ಲರೂ ಮೊದಲು ಮಾಡುವುದು ಅದನ್ನೇ ತಾನೆ? ಲಾಗ್ ಉಳಿಸಿಕೊಳ್ಳುವವರೆಗೆ ಆ ಸ್ವಿಚ್ ಮುಟ್ಟಬೇಡಿ.

ವೇಳೆಯ ಲೆಕ್ಕದಲ್ಲೂ ತೊಡಕಿದೆ. ನನ್ನ ಕಂಪ್ಯೂಟರ್ ತೋರಿಸುವುದು ಸ್ಥಳೀಯ ವೇಳೆ. ಪರೀಕ್ಷೆ ನಡೆಸುವ ಸಂಸ್ಥೆಯ ಮೇಲ್‌ನಲ್ಲಿದ್ದದ್ದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ವೇಳೆ. ಹಾಗೆಯೇ ಕಳಿಸಿದ್ದರೆ ಓದುವವರು ಗಂಟೆಗಳಷ್ಟು ಆಚೀಚಿನ ವಿಡಿಯೊ ತೆರೆದು, ಅಲ್ಲೇನೂ ಕಾಣದೆ ಫೈಲ್ ಮುಚ್ಚುತ್ತಿದ್ದರು. ಪ್ರತಿ ಘಟನೆಗೂ ಎರಡೂ ವೇಳೆಗಳನ್ನು ಪಕ್ಕಪಕ್ಕದಲ್ಲಿ ಬರೆದೆ.

ಮೊದಲ ಮನವಿಗೆ ಬಂದದ್ದು ಸಿದ್ಧ ಉತ್ತರ: 'ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ.' ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಆದರೆ ಉತ್ತರಿಸಿದವರು ಯಾರು ಎಂಬುದನ್ನು ಗಮನಿಸಬೇಕು. ಸಾಮಾನ್ಯವಾಗಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಒಂದು, ಅದರ ಪರವಾಗಿ ಪರೀಕ್ಷೆ ನಡೆಸಿಕೊಡುವ ಕಂಪನಿ ಇನ್ನೊಂದು. ನನಗೆ ಉತ್ತರ ಬಂದದ್ದು ನಡೆಸಿಕೊಡುವವರ ಸಹಾಯವಾಣಿಯಿಂದ. ಸರ್ಟಿಫಿಕೇಟ್ ಸಂಸ್ಥೆಯ ಅಭ್ಯರ್ಥಿ ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಾಗ ಮೇಲ್ಮನವಿಗೆ ಪ್ರತ್ಯೇಕ ವಿಳಾಸ, ಪ್ರತ್ಯೇಕ ಗಡುವು ಎರಡೂ ಸಿಕ್ಕವು. ಹಳೆಯ ಕೇಸ್ ನಂಬರನ್ನು ವಿಷಯದ ಸಾಲಿನಲ್ಲೇ ಹಾಕಿ ಅಲ್ಲಿಗೆ ಬರೆದೆ.

ಬರೆಯುವಾಗ ಕಣ್ಣ ಮುಂದೆ ಇಟ್ಟುಕೊಂಡದ್ದು ಓದುವ ಮನುಷ್ಯನನ್ನು. ಆತನ ಮುಂದಿರುವುದು ಪ್ರಾಕ್ಟರ್ ಬರೆದಿಟ್ಟ ಒಂದೆರಡು ಸಾಲಿನ ಟಿಪ್ಪಣಿ ಮತ್ತು ಬಹಳ ಉದ್ದದ ವಿಡಿಯೊ. ಪೂರ್ತಿ ವಿಡಿಯೊ ನೋಡುವ ಪುರುಸೊತ್ತು ಅವರಿಗಿರಲಾರದು. ಯಾವ ನಿಮಿಷ ನೋಡಬೇಕು, ಅಲ್ಲಿ ಏನು ಕಾಣುತ್ತದೆ ಎಂದು ನಾವೇ ಹೇಳಬೇಕು. ನನ್ನ ಪತ್ರದ ತಿರುಳು ಹೀಗಿತ್ತು:

'ರದ್ದತಿಗೆ ಕೊಟ್ಟ ಕಾರಣ, ನಾನು ಕ್ಯಾಮೆರಾ ವ್ಯಾಪ್ತಿಯಿಂದ ಹೊರಗೆ ಹೋದೆ ಎಂಬುದು. ಲಗತ್ತಿಸಿದ ವರದಿಯ ಪ್ರಕಾರ ಆ ಹೊತ್ತಿನಲ್ಲಿ ನನ್ನ ವೈಫೈ ಸಂಪರ್ಕ ಕಡಿದಿತ್ತು. ದಯವಿಟ್ಟು ಮೂರು ಅಂಶ ಪರಿಶೀಲಿಸಿ. ಚಿತ್ರ ನಿಲ್ಲುವ ಮುಂಚಿನ ಕೊನೆಯ ಕ್ಷಣದಲ್ಲಿ ನಾನು ಕುರ್ಚಿಯಲ್ಲಿ ಇದ್ದೇನೆಯೇ? ಚಿತ್ರ ಮರಳಿದ ಮೊದಲ ಕ್ಷಣದಲ್ಲಿ ಇದ್ದೇನೆಯೇ? ಈ ನಡುವೆ ನಿಮ್ಮ ಸರ್ವರ್‌ಗೆ ನನ್ನ ಕಂಪ್ಯೂಟರ್‌ನಿಂದ ಸಂಪರ್ಕ ಇತ್ತೇ? ಸಂಪರ್ಕವೇ ಇಲ್ಲದ ಅವಧಿಯಲ್ಲಿ ಅಭ್ಯರ್ಥಿ ಕಾಣದಿರುವುದು ಒಪ್ಪಂದದ ಯಾವ ನಿಯಮದ ಉಲ್ಲಂಘನೆ ಎಂದು ತಿಳಿಸಿ.'

ಕೇಳಿಕೊಂಡದ್ದು ಎರಡು. ಅದೇ ಶುಲ್ಕದ ಮೇಲೆ ಮರುಪರೀಕ್ಷೆ, ಮತ್ತು ದಾಖಲೆಯಲ್ಲಿರುವ ಉಲ್ಲಂಘನೆಯ ಗುರುತನ್ನು ತೆಗೆಯುವುದು. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಮರುಪರೀಕ್ಷೆಗೆ ವೋಚರ್ (ಶುಲ್ಕದ ಬದಲು ಬಳಸುವ ಕೋಡ್) ಕೊಟ್ಟ ಮಾತ್ರಕ್ಕೆ ದಾಖಲೆಯ ಆ ಗುರುತು ಹೋಗುತ್ತದೆ ಎನ್ನುವಂತಿಲ್ಲ.

ಪತ್ರದಲ್ಲಿ ಬೇಕೆಂದೇ ಬಿಟ್ಟ ಸಂಗತಿಗಳೂ ಇವೆ. ಎಷ್ಟು ಕಷ್ಟಪಟ್ಟು ಓದಿದ್ದೆ, ಕೆಲಸಕ್ಕೆ ಈ ಸರ್ಟಿಫಿಕೇಟ್ ಎಷ್ಟು ಮುಖ್ಯ ಎಂಬುದೆಲ್ಲ ನಿಜ, ಆದರೆ ತೀರ್ಪು ಕೊಡುವವರಿಗೆ ಅದರಿಂದ ಪರಿಶೀಲಿಸಲು ಏನೂ ಸಿಗುವುದಿಲ್ಲ. ಪ್ರಾಕ್ಟರ್ ಮೇಲಿನ ದೂರನ್ನೂ ಬಿಟ್ಟೆ. ಒಂದೇ ಹೊತ್ತಿಗೆ ಹಲವು ಅಭ್ಯರ್ಥಿಗಳ ಮೇಲೆ ಕಣ್ಣಿಡುವ ಕೆಲಸ ಅವರದು, ಕಪ್ಪಾದ ಚಿತ್ರ ಕಂಡು ಹಾಗೆ ಭಾವಿಸಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯ ಮೇಲಿದ್ದ ಪ್ರಶ್ನೆಯ ಒಂದು ಪದವನ್ನೂ ಬರೆಯಲಿಲ್ಲ. 'ಇಂಥ ಪ್ರಶ್ನೆ ಓದುತ್ತಿದ್ದಾಗ ನೆಟ್ ಹೋಯಿತು' ಎಂದು ವಿವರಿಸಲು ಹೊರಟರೆ ಗೋಪ್ಯತೆಯ ಒಪ್ಪಂದವೇ ಮುರಿದು, ಇಲ್ಲದ ಉಲ್ಲಂಘನೆಯನ್ನು ನಾವೇ ಸೃಷ್ಟಿಸಿದಂತಾಗುತ್ತದೆ. ಪ್ರಶ್ನೆಯ ಕ್ರಮಸಂಖ್ಯೆ ಸಾಕು.

ಪತ್ರದ ಕೊನೆಗೆ ಇನ್ನೊಂದು ಬೇಡಿಕೆ ಸೇರಿಸಿದೆ: ಮೇಲ್ಮನವಿ ಮುಗಿಯುವವರೆಗೆ ನನ್ನ ಪರೀಕ್ಷೆಯ ವಿಡಿಯೊ, ಚಾಟ್, ಸಂಪರ್ಕದ ಲಾಗ್ ಯಾವುದನ್ನೂ ಅಳಿಸಬೇಡಿ. ಇಂಥ ದಾಖಲೆಗಳನ್ನು ಸಂಸ್ಥೆಗಳು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಇರುವವರಿಗೆ ಇನ್ನೂ ಗಟ್ಟಿಯಾದ ದಾರಿಯಿದೆ. 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆ ಕಾಯ್ದೆಯ 15ನೇ ವಿಧಿ ತನ್ನ ಕುರಿತ ಮಾಹಿತಿಯ ಪ್ರತಿ ಕೇಳುವ ಹಕ್ಕು ಕೊಡುತ್ತದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಸಂಸ್ಥೆ ಸ್ಪಂದಿಸಬೇಕು. ಬೇರೆಡೆ ಇರುವವರು ತಮ್ಮಲ್ಲಿ ಅಂಥ ಕಾಯ್ದೆ ಇದೆಯೇ ನೋಡಿಕೊಳ್ಳಬಹುದು.

ಕಾಯುವಾಗ ಇಬ್ಬರು ಸ್ನೇಹಿತರು ಎರಡು ಸಲಹೆ ಕೊಟ್ಟರು, ಎರಡನ್ನೂ ನಾನು ಪಾಲಿಸಲಿಲ್ಲ. ಒಂದು, ಬ್ಯಾಂಕಿಗೆ ದೂರು ಕೊಟ್ಟು ಕಾರ್ಡ್‌ನ ಪಾವತಿಯನ್ನು ವಾಪಸ್ ಪಡೆಯುವುದು. ವಿವಾದ ಆಗ ಹಣದ್ದಾಗಿಬಿಡುತ್ತದೆ, ಖಾತೆಯನ್ನೇ ತಡೆಹಿಡಿಯುವ ಸಾಧ್ಯತೆಯೂ ಇದೆ. ಹೆಸರು ತೊಳೆದುಕೊಳ್ಳಬೇಕಾದವರಿಗೆ ಇದು ಕೊನೆಯ ದಾರಿ. ಇನ್ನೊಂದು, ತಕ್ಷಣ ಮತ್ತೆ ದುಡ್ಡು ಕಟ್ಟಿ ಪರೀಕ್ಷೆ ಬರೆಯುವುದು. ಮೇಲ್ಮನವಿ ತೀರ್ಮಾನವಾಗುವವರೆಗೆ ರದ್ದಾದದ್ದೂ ಒಂದು ಪ್ರಯತ್ನವೆಂದು ಲೆಕ್ಕಕ್ಕೆ ಬರಬಹುದು, ಮುಂದಿನ ಪ್ರಯತ್ನಕ್ಕೆ ಕಾಯುವ ಅವಧಿ ಇರಬಹುದು. ಅದನ್ನು ತಿಳಿಯದೆ ಕಾಯ್ದಿರಿಸುವುದು ನನಗೆ ಸರಿ ಕಾಣಲಿಲ್ಲ.

ಎಲ್ಲರ ಪ್ರಕರಣವೂ ನನ್ನಷ್ಟು ಸ್ಪಷ್ಟವಾಗಿರುವುದಿಲ್ಲ, ಗೊತ್ತು. ಪ್ರಶ್ನೆಯನ್ನು ತುಟಿಯಲ್ಲಿ ಓದಿಕೊಂಡದ್ದಕ್ಕೆ, ಮಗು ಬಾಗಿಲು ತೆರೆದು ಒಳಗೆ ಬಂದದ್ದಕ್ಕೆ ಪರೀಕ್ಷೆ ಕಳೆದುಕೊಂಡವರಿದ್ದಾರೆ. ಅಂಥವರು ನಡೆದದ್ದನ್ನು ಅಲ್ಲಗಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಡಿಯೊ ಸಂಸ್ಥೆಯ ಕೈಯಲ್ಲಿದೆ, ಒಂದು ಸುಳ್ಳು ಕಂಡರೆ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ. ಮಗು ಬಂದದ್ದು ನಿಜ, ಎಷ್ಟು ಕ್ಷಣ ಇತ್ತು, ಪರದೆ ಅದಕ್ಕೆ ಕಾಣುತ್ತಿತ್ತೇ, ಪ್ರಾಕ್ಟರ್ ಮೊದಲು ಎಚ್ಚರಿಕೆ ಕೊಟ್ಟರೇ, ಇಷ್ಟನ್ನು ಹೇಳಿ ಶಿಕ್ಷೆ ಕಡಿಮೆ ಮಾಡಲು ಕೇಳಬಹುದು.

ನನಗೆ ಬಂದ ಉತ್ತರ ಚಿಕ್ಕದು. ಸಂಪರ್ಕ ಕಡಿತದ ಅವಧಿ ಅವರ ದಾಖಲೆಗೂ ಹೊಂದುತ್ತದೆ, ಉಲ್ಲಂಘನೆಯ ಗುರುತನ್ನು ತೆಗೆಯಲಾಗಿದೆ, ಮರುಪರೀಕ್ಷೆಗೆ ವೋಚರ್ ಲಗತ್ತಿಸಲಾಗಿದೆ. ಅರ್ಧ ಬರೆದಿದ್ದ ಉತ್ತರಗಳಿಗೆ ಅಂಕ ಸಿಗಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಖಾತೆಗೆ ಹೋಗಿ ಪರೀಕ್ಷೆಗಳ ಇತಿಹಾಸ ತೆರೆದು ಗುರುತು ನಿಜಕ್ಕೂ ಹೋಗಿದೆಯೇ ಎಂದು ನೋಡಿದೆ. ಇನ್ನೂ ಹಾಗೇ ಇತ್ತು. ಅದೇ ಕೇಸ್ ನಂಬರ್‌ಗೆ ಉತ್ತರವಾಗಿ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಅಳಿಸಿದರು. ವೋಚರ್ ಬಳಸಿದ್ದು ಆನಂತರವೇ, ಕಂಪ್ಯೂಟರಿಗೆ ವೈಫೈ ಬದಲು ಕೇಬಲ್ ಜೋಡಿಸಿಕೊಂಡು.