ಹಳೇ ಕಾರಿಗೆ ಟೈಮಿಂಗ್, ಕಾರ್ಬುರೇಟರ್ ಸೆಟ್ ಮಾಡೋದು ಹೇಗೆ?

ಪದ್ಮಿನಿಯೋ ಅಂಬಾಸಿಡರೋ, ಮೊದಲು ಪಾಯಿಂಟ್ ಗ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪಾಯಿಂಟ್‌ಗಳ ನಡುವಿನ ಸಂದು), ಆಮೇಲೆ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಸಮಯ), ಕೊನೆಗೆ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ). ಈ ಕ್ರಮ ತಪ್ಪಿಸಬೇಡಿ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಬೇಸ್‌ಮೆಂಟಿನಲ್ಲಿ ಬೇಡ, ಹೊಗೆ ಅಪಾಯ, ಬಯಲಲ್ಲಿ ಮಾಡಿ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಡಿಸ್ಟ್ರಿಬ್ಯೂಟರಿಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಕಳಚಿ, ಪೈಪಿನ ಬಾಯಿ ಮುಚ್ಚಿ. ಎಂಜಿನ್ ನಿಲ್ಲಿಸಿ ಪುಲ್ಲಿಯ ಗುರುತಿಗೆ ಸೀಮೆಸುಣ್ಣ ಹಚ್ಚಿ, ಮತ್ತೆ ಸ್ಟಾರ್ಟ್ ಮಾಡಿ. ಟೈಮಿಂಗ್ ಲೈಟ್ (ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ಹಿಡಿದರೆ ತಿರುಗುತ್ತಿರುವ ಆ ಬಿಳಿ ಗೆರೆ ನಿಂತ ಹಾಗೆ ಕಾಣುತ್ತದೆ, ನನಗೆ ಈಗಲೂ ಅದನ್ನು ನೋಡೋದೇ ಖುಷಿ. ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟೇ ತಿರುಗಿಸುತ್ತಾ ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ತಂದು ಬಿಗಿ ಮಾಡಿ. ಫ್ಯಾನಿನ ಹತ್ತಿರ ಕೈ ಹೋಗದಿರಲಿ.

ಈಗ ಕಾರ್ಬುರೇಟರಿನ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾದು ಶಬ್ದ ಕೇಳಿ. ಐಡ್ಲಿಂಗ್ (ಗಾಡಿ ನಿಂತಲ್ಲೇ ಇದ್ದಾಗ ಎಂಜಿನ್ ಓಡುವ ವೇಗ) ಏರಿ ಏರಿ ಇಳಿಯಲು ಶುರುವಾಗುವ ಮುಂಚಿನ ಜಾಗವೇ ಬೇಕಾದ್ದು. ಜಾಸ್ತಿ ಆಯ್ತಾ? ಐಡಲ್ ಸ್ಕ್ರೂನಲ್ಲಿ ಇಳಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗಾಳಿ ತೆಳು, ಹಾಗಾಗಿ ಮಂಗಳೂರಲ್ಲಿ ಸೆಟ್ ಮಾಡಿದ ಗಾಡಿಗೆ ಇಲ್ಲಿ ಪೆಟ್ರೋಲ್ ಪಾಲು ಜಾಸ್ತಿಯಾಗಿ ಪ್ಲಗ್ ಮಸಿ ಹಿಡಿಯಬಹುದು. ಪ್ಲಗ್ ತಿಳಿ ಕಂದು ಬಣ್ಣ ಇದ್ದರೆ ಸರಿ.

ಆಮೇಲೆ ಒಂದು ಏರು ಹತ್ತಿಸಿ. ಎಂಜಿನ್ ಟಕಟಕ ಸದ್ದು ಮಾಡಿದರೆ ಟೈಮಿಂಗ್ ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿ, ಕಿಡಿ ತುಸು ತಡವಾಗಿ ಹಾರಲಿ.